ಗಾಬರಿ ಇಳಿಯಲಿ ಅಂತ ಕಾಯದೆ ಬಸ್ ಹತ್ತಿದೆ: ಆತಂಕದ ಜೊತೆ ನನ್ನ ಅನುಭವ

ಆತಂಕ ಪೂರ್ತಿ ಹೋಗಲಿ, ಆಮೇಲೆ ಎಲ್ಲಾ ಮಾಡೋಣ ಅಂತ ಕಾಯುತ್ತಾ ಕೂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನೂ ಹಾಗೆ ವರ್ಷಗಟ್ಟಲೆ ಕಾದವಳು. ಮದುವೆ ಮನೆಗೆ ಹೋಗಲು, ದೂರದ ಬಸ್ ಹತ್ತಲು, ಮನೆಯಲ್ಲಿ ಒಬ್ಬಳೇ ಮಲಗಲು, ಎಲ್ಲಕ್ಕೂ "ಸ್ವಲ್ಪ ಸರಿಹೋಗಲಿ" ಅಂತ ಮುಂದೂಡುತ್ತಿದ್ದೆ. ಮುಂದೂಡಿದಷ್ಟೂ ನಾನು ಓಡಾಡುವ ಜಾಗ ಕಿರಿದಾಗುತ್ತಾ ಬಂತು. ಕೊನೆಗೆ ಉಳಿದಿದ್ದು ಮನೆ ಮತ್ತು ಆಫೀಸು ಮಾತ್ರ.

ನಾನು ಮೂಡಿಗೆರೆ ಕಡೆ ಒಂದು ಸಹಕಾರ ಸಂಘದಲ್ಲಿ ಕ್ಯಾಷಿಯರ್. ಅಮ್ಮನ ಮನೆ ಉಜಿರೆ ಹತ್ತಿರ. ನಡುವೆ ಚಾರ್ಮಾಡಿ ಘಾಟಿ. ದುಡ್ಡಿನ ಲೆಕ್ಕ ಮತ್ತು ಘಾಟಿ ದಾರಿ, ಇವೆರಡರಲ್ಲೇ ನನ್ನ ಆತಂಕ ಬೇರು ಬಿಟ್ಟಿತ್ತು. ನಿಮ್ಮದು ಬೇರೆ ಎಲ್ಲೋ ಇರಬಹುದು. ಮಕ್ಕಳ ಆರೋಗ್ಯ, ಪರೀಕ್ಷೆ, ಮೇಲಿನವರ ಫೋನು, ಲಿಫ್ಟು. ಜಾಗ ಯಾವುದಾದರೂ ಅದು ನಡೆದುಕೊಳ್ಳುವ ರೀತಿ ಹೆಚ್ಚುಕಡಿಮೆ ಒಂದೇ.

ಶುರುವಿನಲ್ಲಿ ಇದು ಮನಸ್ಸಿನ ವಿಷಯ ಅಂತ ನನಗೆ ಅನ್ನಿಸಿಯೇ ಇರಲಿಲ್ಲ. ಎದೆ ಡವಡವ, ಅಂಗೈ ಬೆವರು, ಹೊಟ್ಟೆ ಕಿವುಚಿದ ಹಾಗೆ, ಬೆರಳ ತುದಿ ಮತ್ತು ತುಟಿ ಜುಮ್ಮೆನ್ನುವುದು, ಈಗಲೇ ಬಿದ್ದುಬಿಡುತ್ತೇನೆ ಅನ್ನಿಸುವುದು. ಹಾರ್ಟೇ ಕೈಕೊಟ್ಟಿತು ಅಂದುಕೊಂಡೆ. ಇಸಿಜಿ ಮಾಡಿಸಿದೆ, ರಕ್ತ ಪರೀಕ್ಷೆ ಮಾಡಿಸಿದೆ. ಈ ಪರೀಕ್ಷೆ ಒಂದು ಸಲ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಥೈರಾಯ್ಡ್ ಜಾಸ್ತಿಯಾದರೂ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಮೈಯಲ್ಲಿ ರಕ್ತ ಕಡಿಮೆ ಇದ್ದರೂ ಏದುಸಿರು ಬರುತ್ತದೆ. ಎದೆನೋವು ಹೊಸದಾಗಿ ಬಂದರೆ, ನಡೆದಾಗ ಜಾಸ್ತಿಯಾದರೆ, ತೋಳಿಗೋ ದವಡೆಗೋ ಹಬ್ಬಿದರೆ, ಇದು ಆತಂಕ ಅಂತ ಮನೆಯಲ್ಲಿ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಆದರೆ ಎಲ್ಲಾ ನಾರ್ಮಲ್ ಅಂತ ಡಾಕ್ಟರ್ ಹೇಳಿದ ಮೇಲೂ ತಿಂಗಳು ತಿಂಗಳು ಹೊಸ ಲ್ಯಾಬ್ ಹುಡುಕುತ್ತಿದ್ದರೆ, ಆ ಹುಡುಕಾಟವೇ ಕಾಯಿಲೆಯ ಒಂದು ಭಾಗ ಆಗಿರುತ್ತದೆ. ನನ್ನದು ಹಾಗೇ ಆಗಿತ್ತು.

ಮೈಯಲ್ಲಿ ಏನು ನಡೆಯುತ್ತಿದೆ ಅಂತ ಡಾಕ್ಟರ್ ಬಿಡಿಸಿ ಹೇಳಿದ ದಿನ ಅರ್ಧ ಭಾರ ಇಳಿಯಿತು. ನಮ್ಮ ಕಡೆ ಕಾಫಿ ತೋಟದಲ್ಲಿ ಆನೆ ಎದುರಾದರೆ ಮೈ ಏನು ಮಾಡುತ್ತದೋ, ನನ್ನ ಮೈ ಅದನ್ನೇ ಕ್ಯಾಷ್ ಕೌಂಟರಿನಲ್ಲಿ ಮಾಡುತ್ತಿತ್ತು. ಅಡ್ರಿನಲಿನ್ ಹರಿಯುತ್ತದೆ, ಓಡಲು ಬೇಕು ಅಂತ ಹೃದಯ ಜೋರಾಗಿ ಬಡಿಯುತ್ತದೆ, ರಕ್ತ ಕೈಕಾಲಿನ ದೊಡ್ಡ ಸ್ನಾಯುಗಳಿಗೆ ಹೋಗುತ್ತದೆ, ಹೊಟ್ಟೆಯ ಕೆಲಸ ನಿಧಾನವಾಗುತ್ತದೆ. ಜೊತೆಗೆ ಗೊತ್ತಾಗದ ಹಾಗೆ ನಾವು ಬೇಗ ಬೇಗ ಉಸಿರಾಡುತ್ತೇವೆ. ಆಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಬೆರಳು ಜುಮ್ಮೆನ್ನುವುದು, ತಲೆ ಹಗುರಾಗುವುದು ಅದರಿಂದಲೇ. ಉಸಿರು ಸಾಲುತ್ತಿಲ್ಲ ಅಂತ ನಾನು ಬಾಯಿ ತೆರೆದು ಇನ್ನಷ್ಟು ಎಳೆದುಕೊಳ್ಳುತ್ತಿದ್ದೆ, ಅದು ಇನ್ನಷ್ಟು ಜಾಸ್ತಿಯಾಗುತ್ತಿತ್ತು. ಇದು ಸಾವಲ್ಲ. ಹೀಗೆ ಥಟ್ಟನೆ ಏರುವ ಗಾಬರಿ, ಅಂದರೆ ಪ್ಯಾನಿಕ್ ಅಟ್ಯಾಕ್, ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟುತ್ತದೆ, ಆಮೇಲೆ ನಾವು ಏನೂ ಮಾಡದಿದ್ದರೂ ಇಳಿಯುತ್ತದೆ.

ಆಗ ಕಲಿತ ಉಸಿರಾಟ ಇಷ್ಟೇ. ಮೂಗಿನಿಂದ ನಿಧಾನ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದು ಉದ್ದ ಇರಬೇಕು. ಉದ್ದಕ್ಕೆ ಬಿಟ್ಟಾಗ ಎದೆ ಬಡಿತ ತುಸು ನಿಧಾನವಾಗುತ್ತದೆ, ಅದು ಮೈಯ ಸ್ವಭಾವ. ಎದೆ ಮೇಲೆ ಒಂದು ಕೈ, ಹೊಟ್ಟೆ ಮೇಲೆ ಒಂದು ಕೈ ಇಟ್ಟುಕೊಂಡರೆ ಹೊಟ್ಟೆ ಮೇಲಿನ ಕೈ ಏಳಬೇಕು. ಗಾಬರಿ ಬಂದಾಗ ಮೊದಲ ಸಲ ಪ್ರಯತ್ನಿಸಿದರೆ ಕೈಗೆ ಹತ್ತುವುದಿಲ್ಲ. ಆರಾಮಾಗಿ ಇರುವಾಗಲೇ, ಅನ್ನಕ್ಕೆ ಕುಕ್ಕರ್ ಇಟ್ಟು ವಿಷಲ್ ಬರುವವರೆಗೆ ನಿಂತಲ್ಲೇ, ದಿನಾ ಅಭ್ಯಾಸ ಮಾಡಬೇಕು. ಇನ್ನೊಂದು ಮಾತು. ಇದನ್ನು ಗಾಬರಿ ಓಡಿಸುವ ಮಂತ್ರ ಅಂತ ಮಾಡಿದರೆ "ಇನ್ನೂ ಹೋಗಿಲ್ಲ, ಇನ್ನೂ ಹೋಗಿಲ್ಲ" ಅಂತ ಕಾಯುತ್ತಾ ಅದೇ ಒಂದು ಹೊಸ ಆತಂಕ ಆಗುತ್ತದೆ. ನಾನು ಸುಮ್ನೆ ಮೈಗೆ ಒಂದು ಕೆಲಸ ಕೊಡುತ್ತೇನೆ ಅಷ್ಟೇ. ಹೋದರೆ ಹೋಯಿತು, ಇದ್ದರೆ ಇರಲಿ.

ಈಗ ದುಡ್ಡಿನ ವಿಷಯ. ಸಂಜೆ ಕೌಂಟರ್ ಮುಚ್ಚಿದ ಮೇಲೆ ಕ್ಯಾಷ್ ಟ್ಯಾಲಿ ಮಾಡಬೇಕು. ಐನೂರರದ್ದು, ಇನ್ನೂರರದ್ದು, ನೂರರದ್ದು ಬೇರೆ ಬೇರೆ ಕಟ್ಟು, ನೂರು ನೋಟಿಗೆ ಒಂದು ಕಟ್ಟು. ಮಿಷನ್ನಿಗೆ ಹಾಕಿ, ಕೈಯಲ್ಲೂ ಎಣಿಸಿ, ಯಾವುದು ಎಷ್ಟು ಅಂತ ಚೀಟಿಯಲ್ಲಿ ಬರೆದು, ಡೇ ಬುಕ್ ಜೊತೆ ತಾಳೆ ನೋಡಿ, ತಿಜೋರಿಗೆ ಇಟ್ಟು ಎರಡು ಕೀ ಹಾಕುತ್ತೇವೆ. ನನ್ನದೊಂದು, ಮ್ಯಾನೇಜರ್ ಅವರದೊಂದು. ಲೆಕ್ಕ ಸರಿಯಾಗಿ ಬಂದರೂ ನಾನು ಮತ್ತೆ ಕಟ್ಟು ಬಿಚ್ಚುತ್ತಿದ್ದೆ. ಎರಡು ನೋಟು ಅಂಟಿಕೊಂಡಿದ್ದರೆ? ಮತ್ತೆ ಎಣಿಸುತ್ತಿದ್ದೆ. ಮನೆಗೆ ಹೋಗಿ ಕೈಕಾಲು ತೊಳೆಯುವಷ್ಟರಲ್ಲಿ ಇನ್ನೊಂದು ಅನುಮಾನ, ಬೀಗ ಬಿತ್ತೋ ಇಲ್ಲವೋ. ಮ್ಯಾನೇಜರಿಗೆ ಫೋನ್. "ಹಾಕಿದೀವಿ ಕಣಮ್ಮಾ, ನಾನೇ ಹ್ಯಾಂಡಲ್ ಎಳೆದು ನೋಡಿದೀನಿ" ಅನ್ನುತ್ತಿದ್ದರು. ಆ ಮಾತು ಕೇಳಿದ ಕೂಡಲೇ ಎಷ್ಟು ಹಾಯ್ ಅನ್ನಿಸುತ್ತಿತ್ತು ಗೊತ್ತಾ? ಆದರೆ ಊಟಕ್ಕೆ ಕೂರುವ ಹೊತ್ತಿಗೆ ಆ ಸಮಾಧಾನ ಕರಗಿ, "ಅವರು ಬೇರೆ ಬೀರು ಬಗ್ಗೆ ಹೇಳಿದ್ದರೆ?" ಅಂತ ಶುರುವಾಗುತ್ತಿತ್ತು.

ಆತಂಕದ ಹೊಟ್ಟೆ ತುಂಬಿಸುವುದು ಇದೇ, ಈ ಖಚಿತ ಮಾಡಿಕೊಳ್ಳುವ ಚಟ. ಪ್ರತಿ ಸಲ ಕೇಳಿ ಸಮಾಧಾನ ಪಡೆದಾಗ ಮಿದುಳು ಕಲಿಯುವ ಪಾಠ ಏನೆಂದರೆ, "ಕೇಳಿದ್ದಕ್ಕೆ ಬದುಕಿದೆ, ಮುಂದಿನ ಸಲವೂ ಕೇಳು." ಗೂಗಲ್‌ನಲ್ಲಿ ರೋಗಲಕ್ಷಣ ಹುಡುಕುವುದು, ಮಗ ಶಾಲೆ ಮುಟ್ಟಿದನಾ ಅಂತ ವ್ಯಾನ್ ಡ್ರೈವರಿಗೆ ಮತ್ತೆ ಮತ್ತೆ ಫೋನ್ ಮಾಡುವುದು, ನಾಡಿ ಹಿಡಿದು ನೋಡಿಕೊಳ್ಳುವುದು, ಎಲ್ಲಾ ಅದೇ ಜಾತಿ.

ಹಾಗಾಗಿ ಒಂದು ಕಟ್ಟುಪಾಡು ಮಾಡಿಕೊಂಡೆ. ಸಂಘದ ನಿಯಮ ಏನು ಹೇಳುತ್ತದೋ ಅಷ್ಟೇ. ಮಿಷನ್ನಿನಲ್ಲಿ ಒಂದು ಸಲ, ಕೈಯಲ್ಲಿ ಒಂದು ಸಲ, ಚೀಟಿ, ಸಹಿ, ಮುಗೀತು. ಬೀಗ ಹಾಕುವಾಗ ಮನಸ್ಸು ಎಲ್ಲೋ ಇರಬಾರದು ಅಂತ ಕೀ ತಿರುಗಿಸುವಾಗ ಬಾಯಿಬಿಟ್ಟು "ಬೀಗ ಬಿತ್ತು" ಅನ್ನುತ್ತೇನೆ, ಒಂದೇ ಸಲ. ಮ್ಯಾನೇಜರ್ ಹತ್ತಿರ ಕೂತು ವಿಷಯ ಹೇಳಿದೆ. ರಾತ್ರಿ ನಾನು ಫೋನ್ ಮಾಡಿದರೆ ಉತ್ತರ ಕೊಡಬೇಡಿ ಸಾರ್, ನಾಳೆ ನೋಡೋಣ ಅಂತ ಮಾತ್ರ ಹೇಳಿ ಅಂದೆ. ಒಳ್ಳೆಯ ಮನುಷ್ಯ, ಹಾಗೇ ಮಾಡಿದರು. ರಾತ್ರಿ ಅನುಮಾನ ಬಂದಾಗ ನನಗೆ ನಾನೇ ಕೊಡುತ್ತಿದ್ದ ಉತ್ತರ "ಬೀಗ ಬಿದ್ದಿದೆ" ಅಂತಲ್ಲ. "ಬಿದ್ದಿರಬಹುದು, ಬೀಳದೆಯೂ ಇರಬಹುದು, ಬೆಳಿಗ್ಗೆ ಹೋದಾಗ ಗೊತ್ತಾಗುತ್ತದೆ" ಅಂತ. ಮೊದಮೊದಲು ಇದನ್ನು ಹೇಳಿಕೊಂಡು ಮಲಗುವುದು ಎಷ್ಟು ಕಷ್ಟ ಅಂದರೆ ಹಾಸಿಗೆಯಲ್ಲಿ ಮುಷ್ಟಿ ಬಿಗಿ ಹಿಡಿದು ಮಲಗಿದ್ದುಂಟು. ಆದರೆ ಉತ್ತರ ಸಿಗದ ಪ್ರಶ್ನೆ ಕ್ರಮೇಣ ಬರುವುದನ್ನು ಕಡಿಮೆ ಮಾಡಿತು. ನನಗೆ ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟಿದ್ದು ಇದೇ ಅಂತ ಈಗಲೂ ಹೇಳುತ್ತೇನೆ. ಇಲ್ಲಿ ಒಂದು ಎಚ್ಚರ. ಬೀಗ, ಗ್ಯಾಸ್, ಕೈ ತೊಳೆಯುವುದು ಅಂತ ದಿನಕ್ಕೆ ಗಂಟೆಗಟ್ಟಲೆ ಹೋಗುತ್ತಿದ್ದರೆ ಅದು ಗೀಳು ಕಾಯಿಲೆ ಇರಬಹುದು. ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ, ಮನೋವೈದ್ಯರಿಗೆ ತೋರಿಸಿ.

ಇನ್ನು ತಲೆಯೊಳಗೆ ಸುತ್ತುವ ಚಿಂತೆ. ಅದಕ್ಕೆ ಒಂದು ಹೊತ್ತು ಗೊತ್ತು ಮಾಡುವ ಉಪಾಯ ಇದೆ. ಅಮೆರಿಕದ ಮನೋವಿಜ್ಞಾನಿ ಥಾಮಸ್ ಬೋರ್ಕೊವೆಕ್ ಮತ್ತು ಜೊತೆಗಾರರು 1983ರಲ್ಲಿ ಇದನ್ನು ಪ್ರಯೋಗ ಮಾಡಿ ಬರೆದರು. ದಿನಾ ಒಂದೇ ಹೊತ್ತು, ಒಂದೇ ಜಾಗ, ಅರ್ಧ ಗಂಟೆ ಚಿಂತೆಗೆ ಮೀಸಲು. ಉಳಿದ ಹೊತ್ತಿನಲ್ಲಿ ಚಿಂತೆ ಬಂದರೆ "ಸಂಜೆಗೆ" ಅಂತ ಮುಂದೆ ಹಾಕುವುದು. ನಾನು ಸಂಜೆ ದೀಪ ಹಚ್ಚಿದ ಮೇಲೆ ಹಿತ್ತಲ ಜಗಲಿಯಲ್ಲಿ ಮಗಳ ಹಳೇ ನೋಟ್‌ಬುಕ್ ಹಿಡಿದು ಕೂರುತ್ತೇನೆ. ಹಗಲಿಡೀ ಒಂದೊಂದು ಪದದಲ್ಲಿ ಗುರುತು ಹಾಕಿಟ್ಟ ಚಿಂತೆಗಳನ್ನು ನೋಡುತ್ತೇನೆ. ಕೈಲಾಗುವಂಥದ್ದು ಇದ್ದರೆ ಮಾಡಬೇಕಾದ ಕೆಲಸ ಬರೆಯುತ್ತೇನೆ, ಯಾವತ್ತು ಅಂತಲೂ ಬರೆಯುತ್ತೇನೆ. "ಸಾಲದ ಕಂತು" ಅಂತ ಇದ್ದರೆ ಪಕ್ಕದಲ್ಲಿ "ಸೋಮವಾರ ಪಾಸ್‌ಬುಕ್ ಎಂಟ್ರಿ ಮಾಡಿಸಿ ಲೆಕ್ಕ ನೋಡುವುದು" ಅಂತ. ಕೈಲಾಗದ್ದು, ಉದಾಹರಣೆಗೆ "ಅಮ್ಮನಿಗೆ ಏನಾದರೂ ಆದರೆ", ಅದನ್ನು ಸುಮ್ನೆ ಓದಿ ಬಿಡುತ್ತೇನೆ. ಬೆಳಿಗ್ಗೆ ಜೀವ ಹೋಗುವಷ್ಟು ದೊಡ್ಡದಾಗಿ ಕಂಡಿದ್ದು ಸಂಜೆಗೆ ಎಷ್ಟೋ ಸಲ ಏನು ಅಂತಲೇ ನೆನಪಾಗುವುದಿಲ್ಲ. ಮಲಗುವ ಹೊತ್ತಿಗೆ ಮಾತ್ರ ಇದನ್ನು ಇಟ್ಟುಕೊಳ್ಳಬೇಡಿ, ನಿದ್ದೆ ಹಾಳಾಗುತ್ತದೆ.

ಕಾಫಿ ಬಿಡುವುದು ಕಷ್ಟ ಆಯಿತು, ಕಾಫಿ ನಾಡಲ್ಲಿ ಇದ್ದುಕೊಂಡು! ಆದರೆ ಕೆಫೀನ್ ಮಾಡುವ ಕೆಲಸವೂ ಗಾಬರಿ ಮಾಡುವ ಕೆಲಸವೂ ಮೈಗೆ ಒಂದೇ ಥರ ಅನ್ನಿಸುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು, ಅಂದರೆ ಸಂಜೆ ನಾಲ್ಕರ ಲೋಟ ರಾತ್ರಿ ಒಂಬತ್ತಕ್ಕೂ ಅರ್ಧ ಮೈಯಲ್ಲೇ ಇರುತ್ತದೆ. ಬೆಳಗಿನ ಒಂದು ಲೋಟ ಉಳಿಸಿಕೊಂಡೆ. ಅದೂ ತಿಂಡಿ ಆದ ಮೇಲೆ, ಖಾಲಿ ಹೊಟ್ಟೆಗೆ ಇಲ್ಲ. ಮಧ್ಯಾಹ್ನ ಊಟ ತಪ್ಪಿಸುವುದನ್ನೂ ಬಿಟ್ಟೆ, ಹಸಿವಿನ ನಡುಕವನ್ನೂ ನಾನು ಆತಂಕ ಅಂತಲೇ ಓದಿಕೊಳ್ಳುತ್ತಿದ್ದೆ. ಸಂಜೆ ಬಸ್ಸಿನಿಂದ ಒಂದು ಸ್ಟಾಪ್ ಮೊದಲೇ ಇಳಿದು ಬಿರುಸಾಗಿ ನಡೆದು ಮನೆಗೆ ಬರುತ್ತೇನೆ. ನಡೆದಾಗಲೂ ಎದೆ ಬಡಿಯುತ್ತದೆ, ಬೆವರು ಬರುತ್ತದೆ, ಆದರೂ ಏನೂ ಆಗುವುದಿಲ್ಲ. ಎದೆ ಬಡಿದರೆ ಅಪಾಯ ಅಂತ ನಂಬಿದ್ದ ಮೈಗೆ ಇದು ದಿನಾ ಸಿಗುವ ಪಾಠ.

ಘಾಟಿ ಕತೆ ಸ್ವಲ್ಪ ಉದ್ದ. ಕೊಟ್ಟಿಗೆಹಾರ ದಾಟಿ ಇಳಿಜಾರು ಶುರುವಾದರೆ ಹೇರ್‌ಪಿನ್ ತಿರುವುಗಳು, ಮಂಜು, ಮುಂದೆ ಲಾರಿ, ಫೋನಿಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ, ಹತ್ತಿರದಲ್ಲಿ ಆಸ್ಪತ್ರೆ ಇಲ್ಲ, ಇಳಿಯುತ್ತೇನೆ ಅಂದರೆ ಇಳಿಯುವ ಜಾಗವೂ ಅಲ್ಲ. ಒಂದು ಸಲ ಅಲ್ಲಿ ಜೋರು ಪ್ಯಾನಿಕ್ ಬಂದಿತ್ತು. ಅಲ್ಲಿಂದ ತವರಿಗೆ ಹೋಗುವುದೇ ನಿಂತಿತು. ಅಮ್ಮ ಫೋನಿನಲ್ಲಿ "ಎಂತ ಮಾರಾಯ್ತಿ, ಅಷ್ಟು ಹತ್ತಿರ ಇದ್ದು ಬರುದಿಲ್ವಾ?" ಅಂತ ಕೇಳಿದಾಗೆಲ್ಲ ಆಫೀಸಿನ ಮೇಲೆ ಹಾಕುತ್ತಿದ್ದೆ.

ನನ್ನ ಕೌನ್ಸೆಲರ್ ಒಂದು ಏಣಿ ಬರೆಸಿದರು. ಹೆದರಿಕೆಗೆ ಹತ್ತರಲ್ಲಿ ಎಷ್ಟು ಅಂಕ ಅಂತ ಕೊಟ್ಟು, ಕಡಿಮೆಯಿಂದ ಜಾಸ್ತಿಗೆ. ಬಣಕಲ್‌ವರೆಗೆ ಬಸ್ಸಿನಲ್ಲಿ ಹೋಗಿ ಬರುವುದು, ಮೂರು. ಕೊಟ್ಟಿಗೆಹಾರಕ್ಕೆ ಹೋಗಿ ನೀರುದೋಸೆ ತಿಂದು ಬರುವುದು, ನಾಲ್ಕು. ಮನೆಯವರ ಜೊತೆ ಕಾರಿನಲ್ಲಿ ಅಣ್ಣಪ್ಪ ಸ್ವಾಮಿ ದೇವಸ್ಥಾನದವರೆಗೆ ಇಳಿದು ವಾಪಸ್, ಆರು. ಅವರ ಜೊತೆ ಬಸ್ಸಿನಲ್ಲಿ ಪೂರ್ತಿ ಘಾಟಿ, ಎಂಟು. ಒಬ್ಬಳೇ ಬಸ್ಸಿನಲ್ಲಿ ಉಜಿರೆ, ಹತ್ತು. ನಿಯಮ ಒಂದೇ. ಗಾಬರಿ ಬಂತು ಅಂತ ನಡುವೆ ಇಳಿದು ಓಡಬಾರದು, ಅದು ತಾನಾಗಿ ಒಂದಿಷ್ಟು ಇಳಿಯುವವರೆಗೆ ಅಲ್ಲೇ ಇರಬೇಕು. ಒಂದು ಮೆಟ್ಟಿಲು ಬೇಜಾರು ಬರುವಷ್ಟು ಸಲ ಮಾಡಿದ ಮೇಲೆ ಮುಂದಿನದು. ಕೊಟ್ಟಿಗೆಹಾರದ ಹೋಟೆಲಿನವರಿಗೆ ನನ್ನ ಮುಖ ಪರಿಚಯ ಆಗುವಷ್ಟು ಸಲ ಹೋಗಿದ್ದೇನೆ.

ಮೊದಲ ಸಲ ಬಸ್ಸಿನಲ್ಲಿ ಘಾಟಿ ಇಳಿದಾಗ ನನ್ನ ಬ್ಯಾಗಿನಲ್ಲಿ ನೀರಿನ ಬಾಟಲಿ, ನಿಂಬೆಹಣ್ಣು, ಪ್ಲಾಸ್ಟಿಕ್ ಕವರು, ಮಾತ್ರೆ, ಎಲ್ಲಾ ಇತ್ತು. ಡ್ರೈವರ್ ಹಿಂದಿನ ಸೀಟೇ ಬೇಕಿತ್ತು. ಮೂರನೇ ತಿರುವಿಗೆ ಶುರುವಾಯಿತು. ಅಂಗೈ ಒದ್ದೆ, ಬಾಯಿ ಒಣಗಿ ನಾಲಿಗೆ ಅಂಟಿತು. ಎದುರಿನ ಸೀಟಿನ ಕಂಬಿ ಹಿಡಿದುಕೊಂಡೆ. ಕಂಬಿ ತಣ್ಣಗಿತ್ತು. ಕಂಡಿದ್ದನ್ನೆಲ್ಲಾ ಮನಸ್ಸಿನಲ್ಲೇ ಹೆಸರು ಹಿಡಿದು ಹೇಳಿಕೊಂಡೆ, ಕಿಟಕಿ ಮೇಲಿನ ನೀರಿನ ಗೆರೆ, ಕಂಡಕ್ಟರ್ ಹೆಗಲ ಮೇಲಿನ ಚೀಲ, ಮುಂದಿನ ಸೀಟಿನ ಅಜ್ಜಿಯ ಮುಡಿಯ ಅಬ್ಬಲಿಗೆ. "ಬರುವುದಾದರೆ ಬಾ, ನಾನಂತೂ ಉಜಿರೆಗೆ ಹೋಗುತ್ತಿದ್ದೇನೆ" ಅಂತ ಒಳಗೇ ಹೇಳಿದೆ. ಏರಿತು, ತುಂಬಾ ಏರಿತು, ಆಮೇಲೆ ನಾನು ನೋಡನೋಡುತ್ತಲೇ ಇಳಿಯಿತು. ಚಾರ್ಮಾಡಿ ಊರು ಬರುವಷ್ಟರಲ್ಲಿ ಬೆನ್ನು ಸೀಟಿಗೆ ಒರಗಿತ್ತು. ಮುಂದಿನ ಸಲಗಳಲ್ಲಿ ಒಂದೊಂದೇ ಊರುಗೋಲು ಬಿಟ್ಟೆ, ಮೊದಲು ನಿಂಬೆಹಣ್ಣು, ಆಮೇಲೆ ಮುಂದಿನ ಸೀಟು, ಕೊನೆಗೆ ಜೊತೆಯವರು. ಇವನ್ನು ಬಿಡದೆ ಹೋದರೆ "ನಿಂಬೆಹಣ್ಣು ಇದ್ದಿದ್ದಕ್ಕೆ ಬಚಾವಾದೆ" ಅಂತ ಮಿದುಳು ಲೆಕ್ಕ ಹಾಕುತ್ತದೆ.

ಹೆದರಿಕೆ ಎಲ್ಲಾ ಸುಳ್ಳಲ್ಲ ಅಂತಲೂ ಹೇಳಬೇಕು. 2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಇದೇ ಘಾಟಿ ಬಂದ್ ಆಗಿತ್ತು. ರೆಡ್ ಅಲರ್ಟ್ ಇರುವ ದಿನ ಹೋಗದೇ ಇರುವುದು ತಿಳಿವಳಿಕೆ. ಜನವರಿ ಬಿಸಿಲಿನಲ್ಲಿ ಹೋಗದೇ ಇರುವುದು ಆತಂಕ. ಎರಡನ್ನೂ ಬೇರೆ ಮಾಡಿ ನೋಡಲು ನಾನು ಕೇಳಿಕೊಳ್ಳುವುದು ಒಂದೇ, ಇವತ್ತು ಈ ದಾರಿಯಲ್ಲಿ ಹೋಗಬೇಡ ಅಂತ ನನ್ನ ಮಗಳಿಗೆ ಹೇಳುತ್ತಿದ್ದೆನಾ?

ಮನೆಯವರ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. "ಸುಮ್ನೆ ಯೋಚನೆ ಮಾಡ್ಬೇಡ", "ಧೈರ್ಯ ತಗೋ", "ನಿನಗೇನು ಕಮ್ಮಿ ಆಗಿದೆ" ಅನ್ನುವ ಮಾತು ಪ್ರೀತಿಯಿಂದಲೇ ಬರುತ್ತದೆ, ಆದರೆ ಕೇಳಿದವರು ಇನ್ನಷ್ಟು ಒಂಟಿಯಾಗುತ್ತಾರೆ. ಅತ್ತೆಗೆ ದೃಷ್ಟಿ ತೆಗೆಯುವುದರಲ್ಲಿ ನಂಬಿಕೆ, ತೆಗೆದರು, ನಾನೂ ಬೇಡ ಅನ್ನಲಿಲ್ಲ. ಆ ಹೊತ್ತಿನಲ್ಲಿ ಅವರ ಕೈ ನನ್ನ ತಲೆ ಮೇಲೆ ಇತ್ತಲ್ವಾ, ಅದೂ ದೊಡ್ಡದೇ. ಆದರೆ ಔಷಧಿ ನಿಲ್ಲಿಸಲು ಮಾತ್ರ ಒಪ್ಪಲಿಲ್ಲ. ನಮ್ಮ ಮನೆಯವರು ಕಲಿತಿದ್ದು ಒಂದೇ ಪ್ರಶ್ನೆ ಕೇಳುವುದು, "ಈಗ ಹತ್ತರಲ್ಲಿ ಎಷ್ಟು?" ನಾನು ಏಳು ಅಂದರೆ "ಸರಿ" ಅಂತ ಪಕ್ಕದಲ್ಲಿ ಕೂರುತ್ತಾರೆ. ನೀರು ತರಲು ಓಡುವುದಿಲ್ಲ, ಗಾಡಿ ತಿರುಗಿಸುವುದಿಲ್ಲ. ಇದಕ್ಕಿಂತ ದೊಡ್ಡ ಸಹಾಯ ನನಗೆ ಗೊತ್ತಿಲ್ಲ.

ಹೌದು, ನಾನು ಮಾತ್ರೆಯನ್ನೂ ತೆಗೆದುಕೊಂಡೆ. ಇದನ್ನು ಮುಚ್ಚಿಟ್ಟು ಬರೀ ಉಸಿರಾಟದಿಂದ ಸರಿಹೋದೆ ಅಂತ ಬರೆದರೆ ಓದುವವರಿಗೆ ಅನ್ಯಾಯ ಮಾಡಿದ ಹಾಗೆ. ಮನೋವೈದ್ಯರು ಕೊಟ್ಟಿದ್ದು ಎಸ್‌ಎಸ್‌ಆರ್‌ಐ ಅನ್ನುವ ಗುಂಪಿನ ಮಾತ್ರೆ, ಆತಂಕಕ್ಕೂ ಖಿನ್ನತೆಗೂ ಕೊಡುವಂಥದ್ದು. ಇದು ತಲೆನೋವಿನ ಮಾತ್ರೆ ಥರ ಅವತ್ತೇ ಕೆಲಸ ಮಾಡುವುದಿಲ್ಲ, ಕೆಲವು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಬಹುದು, ಕಳವಳ ತುಸು ಜಾಸ್ತಿಯೂ ಆಗಬಹುದು. ಅದು ಮೊದಲೇ ಗೊತ್ತಿದ್ದರೆ ಹೆದರಿ ಬಿಡುವುದಿಲ್ಲ. ಸರಿಹೋಯಿತು ಅಂತ ನಾವೇ ಥಟ್ಟನೆ ನಿಲ್ಲಿಸಬಾರದು, ಡಾಕ್ಟರ್ ನಿಧಾನಕ್ಕೆ ಕಡಿಮೆ ಮಾಡಿಸುತ್ತಾರೆ. ಆಲ್ಪ್ರಜೋಲಾಮ್ ಥರದ ಮಾತ್ರೆಗಳು ಬೇರೆ. ಅವು ಬೇಗ ಕೆಲಸ ಮಾಡುತ್ತವೆ, ಆದರೆ ಚಟವಾಗಿ ಅಂಟಿಕೊಳ್ಳಬಹುದು. ಪಕ್ಕದ ಮನೆಯವರ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ತಂದು ನುಂಗುವುದು ಬೇಡವೇ ಬೇಡ.

ಈಗಲೂ ಆತಂಕ ಬರುತ್ತದೆ. ಮಾರ್ಚ್ ತಿಂಗಳ ಲೆಕ್ಕ ಮುಗಿಸುವಾಗ, ಮುಟ್ಟಿನ ಹಿಂದಿನ ದಿನಗಳಲ್ಲಿ, ನಿದ್ದೆ ಕೆಟ್ಟಾಗ. ಬಂದಾಗ ಎಲ್ಲಾ ಮೊದಲಿನ ಹಾಗೇ ಆಯಿತು ಅನ್ನಿಸುತ್ತದೆ, ಆದರೆ ಹಾಗೆ ಆಗಿರುವುದಿಲ್ಲ. ಅವತ್ತಿನ ಕೆಲಸ ಅವತ್ತು ಮಾಡುತ್ತೇನೆ, ಬೇಕಾದರೆ ಏಣಿಯಲ್ಲಿ ಎರಡು ಮೆಟ್ಟಿಲು ಇಳಿದು ಮತ್ತೆ ಹತ್ತುತ್ತೇನೆ.

ಎಲ್ಲಿ ಶುರು ಮಾಡಬೇಕು ಅಂತ ಗೊತ್ತಾಗದವರಿಗೆ, ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾಗಿದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನಿಸುತ್ತಿದ್ದರೆ ಬೆಳಗಾಗಲಿ ಅಂತ ಕಾಯದೆ ಈಗಲೇ ಮಾಡಿ, ಪಕ್ಕದಲ್ಲಿ ಇರುವವರನ್ನೂ ಎಬ್ಬಿಸಿ. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ಊರಿಗೆ ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲೇ ಕೇಳಿ, ಆಶಾ ಕಾರ್ಯಕರ್ತೆಯರನ್ನೂ ಕೇಳಬಹುದು. ಹೋಗುವಾಗ ಒಂದು ಚೀಟಿ ಬರೆದುಕೊಂಡು ಹೋಗಿ, ಎದುರಿಗೆ ಕೂತಾಗ ಮಾತು ಮರೆತುಹೋಗುತ್ತದೆ. ಯಾವಾಗಿನಿಂದ, ಮೈಯಲ್ಲಿ ಏನಾಗುತ್ತದೆ, ನಿದ್ದೆ ಹೇಗಿದೆ, ದಿನಕ್ಕೆ ಎಷ್ಟು ಕಾಫಿ ಟೀ, ಬೇರೆ ಯಾವ ಮಾತ್ರೆ ನಡೆಯುತ್ತಿದೆ, ಹೆದರಿಕೆಯಿಂದ ಏನೇನು ಬಿಟ್ಟಿದ್ದೀರಿ. ಆ ಕೊನೆಯದನ್ನು ಉದ್ದಕ್ಕೆ ಬರೆಯಿರಿ, ನಿಮ್ಮ ಏಣಿಯ ಮೆಟ್ಟಿಲುಗಳು ಅದರಲ್ಲೇ ಇರುತ್ತವೆ.